ಬಟನ್ ಒತ್ತಿದರೆ ವೀರಗಲ್ಲು ಮಾತಾಡಬೇಕು: ಪುಟ್ಟ ಮ್ಯೂಸಿಯಂಗೆ ದನಿ-ಬೆಳಕಿನ ಪೆಟ್ಟಿಗೆ ಮಾಡುವ ಬಗೆ

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಒಂದು ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಹೊರಗೆ ಸಾಲಾಗಿ ಕಲ್ಲುಗಳು ನಿಂತಿವೆ. ಹೋರಾಡಿ ಸತ್ತವನ ನೆನಪಿನ ವೀರಗಲ್ಲು, ಸತಿ ಹೋದವಳ ಮಾಸ್ತಿಕಲ್ಲು, ಶಾಸನ. ಬಂದವರು ಒಂದು ಫೋಟೊ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಅವರ ತಪ್ಪಲ್ಲ. ಕಲ್ಲು ಓದುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ ನಿಂತು "ಮೊದಲು ಕೆಳಗೆ ನೋಡು ಮಗಾ" ಅಂದಿದ್ದರೆ ಕತೆಯೇ ಬೇರೆ.

ಆ ಅಜ್ಜನ ಕೆಲಸ ಮಾಡುವ ಪೆಟ್ಟಿಗೆ ಮಾಡುವುದನ್ನು ಇಲ್ಲಿ ಹೇಳುತ್ತೇನೆ. ಬಟನ್ ಒತ್ತಿದರೆ ಮಾತು ಕೇಳಬೇಕು, ಮಾತು ಯಾವುದರ ಬಗ್ಗೆಯೋ ಅಲ್ಲಿಗೆ ಬೆಳಕು ಬೀಳಬೇಕು. ಬೆಸುಗೆ ಹಾಕಲು ಬರುವ ಯಾರಾದರೂ ಎರಡು ಭಾನುವಾರದಲ್ಲಿ ಮುಗಿಸಬಹುದು. ಶಾಲೆಯ ವಸ್ತು ಕೊಠಡಿಗೆ, ಮಠದ ಸಂಗ್ರಹಕ್ಕೆ, ಹಳೆ ಮನೆಯನ್ನೇ ಮ್ಯೂಸಿಯಂ ಮಾಡಿದವರಿಗೆ ಇದು ಸಾಕು.

ನನ್ನ ಮೊದಲ ಪೆಟ್ಟಿಗೆ ಮಾರ್ಚ್‌ನಲ್ಲಿ ಕೂತಿತು, ಜೂನ್ ಕೊನೆಗೆ ಸತ್ತಿತು. ಮುಚ್ಚಳ ತೆಗೆದರೆ ಸ್ಪೀಕರ್ ಒಳಗೆ ಇರುವೆ ಗೂಡು. ಬಟನ್ನಿನ ತಾಮ್ರದ ಕಡ್ಡಿಗೆ ಹಸಿರು ಕಿಲುಬು. ಬೆಸುಗೆಯಿಲ್ಲದೆ ತಂತಿ ಜೋಡಿಸುವ ಬ್ರೆಡ್‌ಬೋರ್ಡಿಗೆ ಸಿಕ್ಕಿಸಿದ್ದ ಎರಡು ತಂತಿ ಕಳಚಿ ಬಿದ್ದಿದ್ದವು. ಇನ್ನೊಂದು ಕಡೆ ಲಕ್ಷಾಂತರ ಕೊಟ್ಟು ತಂದ ಟಚ್ ಸ್ಕ್ರೀನ್ ನೋಡಿದ್ದೇನೆ. ಅದರ ಮೇಲೆ "ಕೆಟ್ಟಿದೆ" ಅಂತ ಚೀಟಿ. ಚೀಟಿಯೂ ಹಳದಿಯಾಗಿತ್ತು. ಆಮೇಲಿಂದ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಕೆಲಸ ಶುರು ಮಾಡುತ್ತೇನೆ: ಬೆಳಿಗ್ಗೆ ಬಾಗಿಲು ತೆಗೆಯುವ ವಾಚ್‌ಮನ್ ಇದನ್ನು ತಾನೇ ಸರಿ ಮಾಡಿಕೊಳ್ಳಬಲ್ಲನಾ? ಇಲ್ಲ ಅಂತಾದರೆ ಆ ಡಿಸೈನ್ ಬೇಡ.

ಯಾವ ವಸ್ತುವಿಗೆ ಬಟನ್ ಬೇಕು?

ಎಲ್ಲದಕ್ಕೂ ಬೇಡ. ಹತ್ತು ಬಟನ್ ಇಟ್ಟರೆ ಮಕ್ಕಳು ಹತ್ತನ್ನೂ ಒತ್ತುತ್ತಾರೆ, ಒಂದನ್ನೂ ಕೇಳುವುದಿಲ್ಲ. ಒಂದು ಕೋಣೆಗೆ ಮೂರೋ ನಾಲ್ಕೋ ಸಾಕು. ನೋಡಿದರೆ ಅರ್ಥವಾಗದ, ಕೇಳಿದರೆ ಅರ್ಥವಾಗುವ ವಸ್ತು ಆರಿಸಿ.

ಮಳೆಯಲ್ಲಿ ಹೊದೆಯುವ ಗೊರಬು ತೆಗೆದುಕೊಳ್ಳಿ. ಗೋಡೆಗೆ ನೇತುಹಾಕಿದರೆ ಅದು ಒಣಗಿದ ಎಲೆಯ ಗೂಡು ಅಷ್ಟೆ. ಅದೇ ಗೊರಬಿನ ಮೇಲೆ ಮಳೆ ಬೀಳುವ ಸದ್ದು, ಹಿಂದೆ ಸಸಿ ನೆಡುವ ಹೆಂಗಸರ ಹಾಡು ಕೇಳಿಸಿದರೆ? ಮಾತೇ ಬೇಡ. ಮೆಟ್ಟುಗತ್ತಿಗೂ ಹಾಗೆಯೇ. ನಾಲ್ಕು ಜನ ಸಾಲಾಗಿ ಕೂತು ಅಡಿಕೆ ಸುಲಿಯುವ ಸದ್ದು, ನಡುವೆ ಹರಟೆ. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಬಣ್ಣಕ್ಕೊಂದು ಬಟನ್ ಇಡಬಹುದು. ಕೆಂಪು ಒತ್ತಿದರೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹೇಳುವವರು ಚಿತ್ತಾರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳೇ ಆಗಿರಲಿ. ಪುಂಡಿನಾರಿನ ಕುಂಚ ಗೋಡೆಗೆ ತಾಗುವ ಸಣ್ಣ ಸದ್ದೂ ರೆಕಾರ್ಡ್ ಆಗಲಿ.

ಉದಾಹರಣೆಗೆ ನಾನು ವೀರಗಲ್ಲನ್ನೇ ಹಿಡಿದುಕೊಳ್ಳುತ್ತೇನೆ. ಯಾಕೆಂದರೆ ಅದು ಮೂರು ಅಂತಸ್ತಿನ ಕತೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಜಗಳ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಕತೆ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ನಾವು ಪುಸ್ತಕ ಓದಿದ ಹಾಗೆ ಮೇಲಿಂದ ಕೆಳಕ್ಕೆ ನೋಡುತ್ತೇವೆ, ಅಲ್ಲೇ ಎಡವುತ್ತೇವೆ.

ಮಾತು ಬರೆಯುವುದು

ಪೆಟ್ಟಿಗೆಗಿಂತ ಜಾಸ್ತಿ ಹೊತ್ತು ಇದಕ್ಕೆ ಕೊಡಿ. ಸಾಮಾನ್ಯವಾಗಿ ಯಾರೋ ಒಬ್ಬರು ಫಲಕದ ಮೇಲಿನ ಬರಹವನ್ನೇ ಓದಿಸಿಬಿಡುತ್ತಾರೆ: "ಈ ಸ್ಮಾರಕ ಶಿಲೆಯು ಮೂರು ಪಟ್ಟಿಕೆಗಳಿಂದ ಕೂಡಿದ್ದು, ಅಧೋಭಾಗದಲ್ಲಿ ಯುದ್ಧದ ದೃಶ್ಯವನ್ನು ಕೆತ್ತಲಾಗಿರುತ್ತದೆ." ಇದನ್ನು ಕೇಳಿ ಯಾವ ಮಗು ಕಲ್ಲಿನ ಕಡೆ ತಿರುಗುತ್ತದೆ?

ನಾನು ಬರೆದದ್ದು ಹೀಗಿದೆ. ನಿಮ್ಮ ಕಲ್ಲಿನಲ್ಲಿ ಏನಿದೆಯೋ ಅದಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ.

"ಕೆಳಗೆ ನೋಡಿ. ದನಗಳು ಕಾಣುತ್ತವಾ? ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ಇವನು ಅಡ್ಡ ಹಾಕಿದ. ಬಿಲ್ಲು ಹಿಡಿದವನು ಅವನೇ. ಇಲ್ಲೇ ಬಿದ್ದ.

ಈಗ ಸ್ವಲ್ಪ ಮೇಲೆ. ಎರಡೂ ಕಡೆ ಅಪ್ಸರೆಯರು. ನಡುವೆ ನಮ್ಮವನು. ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ.

ತುದಿಗೆ ಬನ್ನಿ. ಶಿವಲಿಂಗದ ಮುಂದೆ ಕೈಮುಗಿದು ಕೂತವನು ಯಾರು ಹೇಳಿ? ಅವನೇ. ಅವನ ಮೇಲೆ ಸೂರ್ಯ, ಚಂದ್ರ. ಅವು ಇರುವವರೆಗೂ ಈ ಹೆಸರು ಇರಲಿ ಅಂತ."

ಇಷ್ಟನ್ನು ನಿಧಾನಕ್ಕೆ ಓದಿದರೆ, ನಡುವೆ ನೋಡಲು ಬಿಡುವು ಕೊಟ್ಟರೆ, ಮುಕ್ಕಾಲು ನಿಮಿಷ. ಒಂದು ನಿಮಿಷ ದಾಟಬೇಡಿ. ಮೊದಲ ಮಾತಿನಲ್ಲೇ ಕಣ್ಣಿಗೆ ಕೆಲಸ ಕೊಡಿ. ರಾಜನ ಹೆಸರು, ಶಕವರ್ಷ ಫಲಕದಲ್ಲಿ ಇರಲಿ, ಓದುವವರು ಓದುತ್ತಾರೆ. "ಸ್ವಾಗತ" ಅನ್ನುವುದು, ವೀಣೆ ನುಡಿಸುವುದು ಬೇಡವೇ ಬೇಡ. ಬಟನ್ ಒತ್ತಿದ ಮಗು ಎರಡು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಮಾತು ಬರದಿದ್ದರೆ ಮತ್ತೆ ಒತ್ತುತ್ತದೆ, ಆಮೇಲೆ ಗುದ್ದುತ್ತದೆ.

ರೆಕಾರ್ಡಿಂಗ್

ಫೋನ್ ಸಾಕು, ಆದರೆ ಜಾಗ ಮುಖ್ಯ. ಹಾಸಿಗೆ, ರಗ್ಗು, ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ಬರಿ ಗೋಡೆಯ ಹಾಲ್ ಗುಂಯ್ ಅನ್ನುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಮಳೆಗಾಲದಲ್ಲಂತೂ ಹೆಂಚಿನ ಮನೆಯಲ್ಲಿ ರೆಕಾರ್ಡಿಂಗ್ ಕನಸೇ ಸರಿ, ಆ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ನೇರ ಎದುರಿಗೆ ಇಟ್ಟರೆ ಪ, ಬ, ಭ ಅಕ್ಷರಗಳಿಗೆ ಗಾಳಿ ಹೊಡೆಯುತ್ತದೆ.

ಓದುವವರು ಟಿವಿ ವಾರ್ತೆಯವರ ಹಾಗೆ ಓದಬೇಕಿಲ್ಲ. ನಮ್ಮ ಕಡೆ ಮಾತಾಡುವ ಒಬ್ಬ ಅಮ್ಮ, ಅಥವಾ ರಿಟೈರ್ ಆದ ಮೇಷ್ಟ್ರು. ಕಾಗದ ನೋಡಿ ಓದಿಸಬೇಡಿ, ಎರಡು ಸಲ ಓದಿಸಿ, ಕಾಗದ ಕಸಿದುಕೊಂಡು ಹೇಳಿಸಿ.

ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಮುಂದಿನ ಖಾಲಿ ಜಾಗವನ್ನು ಪೂರ್ತಿ ಕತ್ತರಿಸಿ. ಮೊದಲ ಅಕ್ಷರ ಫೈಲ್ ಶುರುವಾದ ಕೂಡಲೇ ಬರಬೇಕು. ಎಲ್ಲ ಫೈಲುಗಳ ದನಿ ಒಂದೇ ಮಟ್ಟಕ್ಕೆ ತನ್ನಿ. ಮೋನೊ, 44.1 ಕಿಲೋಹರ್ಟ್ಸ್, 128 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿ. ಒಂದು ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ, ಹಾಗಾಗಿ ದೊಡ್ಡ ಮೆಮರಿ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಸಾಮಾನು

ಮುಖ್ಯ ಭಾಗ ಡಿಎಫ್‌ಪ್ಲೇಯರ್ ಮಿನಿ ಅನ್ನುವ ಬೆರಳಗಲದ ಬೋರ್ಡು. ಮೈಕ್ರೊ ಎಸ್‌ಡಿ ಕಾರ್ಡಿನಿಂದ ಎಂಪಿ3 ಓದಿ, ತನ್ನೊಳಗಿನ 3 ವ್ಯಾಟ್ ಆಂಪ್ಲಿಫೈಯರಿನಿಂದ ನೇರ ಸ್ಪೀಕರಿಗೆ ಕಳಿಸುತ್ತದೆ. ಜೊತೆಗೆ ಬಟನ್, ಬೆಳಕು, ದನಿ ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು, ಆರ್ಡುಯಿನೊ ನ್ಯಾನೊ ಒಂದು. ಮನೆ ಕರೆಂಟನ್ನು ಇಳಿಸಿಕೊಡುವ 12 ವೋಲ್ಟಿನ 3 ಆಂಪಿಯರ್ ಎಸ್‌ಎಂಪಿಎಸ್, ಅದನ್ನು 5 ವೋಲ್ಟಿಗೆ ಇಳಿಸುವ ಎಲ್‌ಎಂ2596 ಬೋರ್ಡು, ಬೆಳಕಿಗೆ 12 ವೋಲ್ಟಿನ ಎಲ್‌ಇಡಿ ಪಟ್ಟಿ, ಅದನ್ನು ಆನ್-ಆಫ್ ಮಾಡಲು ಮೂರು ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್, 4 ಅಥವಾ 8 ಓಮ್‌ನ ಮೂರಿಂಚಿನ ಸ್ಪೀಕರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತದೆ. ಪ್ಲೇಯರ್ ಬೋರ್ಡು, ನ್ಯಾನೊ ಎರಡೆರಡು ತನ್ನಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಬಟನ್ನಿಗೆ ಮಾತ್ರ ಜಿಪುಣತನ ಬೇಡ. ಕಾಲಿಂಗ್ ಬೆಲ್ಲಿನ ಸ್ವಿಚ್ ಬೇಡ. ವಿಡಿಯೊ ಗೇಮ್ ಅಂಗಡಿಯಲ್ಲಿ ಮಕ್ಕಳು ಕುಟ್ಟುವ ದೊಡ್ಡ ಆರ್ಕೇಡ್ ಬಟನ್ ಸಿಗುತ್ತದೆ. ಹೊರಗೆ ದಪ್ಪ ಪ್ಲಾಸ್ಟಿಕ್, ಕೆಳಗೆ ಮೈಕ್ರೊ ಸ್ವಿಚ್. ಸ್ವಿಚ್ ಹೋದರೆ ಅದೊಂದನ್ನೇ ಕಳಚಿ ಬದಲಿಸಬಹುದು. ಒತ್ತಿದಾಗ ಕಟ್ ಅನ್ನುತ್ತದೆ. ಆ ಸದ್ದು ಬೇಕು, ಒತ್ತಿದ್ದು ತಾಗಿತು ಅಂತ ಕೈಗೆ ಗೊತ್ತಾಗುತ್ತದೆ.

ಜೋಡಣೆ

ಮೆಮರಿ ಕಾರ್ಡ್ 32 ಜಿಬಿ ದಾಟಬಾರದು, ಫ್ಯಾಟ್32 ಫಾರ್ಮ್ಯಾಟ್ ಇರಬೇಕು. ಅದರಲ್ಲಿ 01 ಅಂತ ಒಂದು ಫೋಲ್ಡರ್. ಒಳಗೆ ಫೈಲುಗಳಿಗೆ 001, 002, 003 ಅಂತಲೇ ಹೆಸರು. ಮುಂದೆ ಇಂಗ್ಲಿಷ್ ಬೇಕಾದರೆ 02 ಫೋಲ್ಡರಿಗೆ ಅದೇ ಹೆಸರಿನ ಫೈಲು ಹಾಕಿದರಾಯಿತು. ಫೋಲ್ಡರ್ ಮಾಡದೆ ಹಾಗೇ ಹಾಕಿದರೆ, ನೀವು ಕಾಪಿ ಮಾಡಿದ ಕ್ರಮದಲ್ಲಿ ಅದು ಎಣಿಸುತ್ತದೆ. ವೀರಗಲ್ಲಿನ ಬಟನ್ ಒತ್ತಿದರೆ ಅಡಿಕೆ ಸುಲಿಯುವ ಸದ್ದು ಬರುತ್ತದೆ. ನನಗೆ ಆಗಿದೆ, ಉದ್ಘಾಟನೆ ದಿನವೇ.

ಬಟನ್ನಿನ ಒಂದು ತುದಿ ನ್ಯಾನೊದ ಎ0 ಕಾಲಿಗೆ (ಪಿನ್ನಿಗೆ), ಇನ್ನೊಂದು ಗ್ರೌಂಡಿಗೆ. ಉಳಿದ ಬಟನ್‌ಗಳು ಎ1, ಎ2, ಎ3. ಬಟನ್ ಒತ್ತದಿದ್ದಾಗ ಕಾಲನ್ನು 5 ವೋಲ್ಟಿನಲ್ಲಿ ಹಿಡಿದಿಡುವ, ನ್ಯಾನೊದ ಒಳಗಿನ ಪುಲ್‌ಅಪ್ ಬಳಸಿ. ಪ್ಲೇಯರಿನ ಟಿಎಕ್ಸ್ ನ್ಯಾನೊದ 10ನೇ ಕಾಲಿಗೆ, ಆರ್‌ಎಕ್ಸ್ 11ನೇ ಕಾಲಿಗೆ. ಆರ್‌ಎಕ್ಸ್ ದಾರಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಮರೆಯಬೇಡಿ, ಮರೆತರೆ ಸ್ಪೀಕರಿನಲ್ಲಿ ಚಿರ್ ಅನ್ನುವ ಸದ್ದು ನಿಲ್ಲುವುದಿಲ್ಲ. ಪ್ಲೇಯರಿನ ಬ್ಯುಸಿ ಕಾಲು ನ್ಯಾನೊದ 2ಕ್ಕೆ. ಹಾಡುವಾಗ ಅದು ಸೊನ್ನೆ ವೋಲ್ಟಿಗೆ ಇಳಿಯುತ್ತದೆ, ಮುಗಿದಾಗ ಮೇಲೇರುತ್ತದೆ. ಮಾತು ಮುಗಿಯಿತು, ಲೈಟ್ ಆರಿಸು ಅಂತ ತಿಳಿಯುವುದು ಇದರಿಂದಲೇ. ಸ್ಪೀಕರಿನ ಎರಡೂ ತಂತಿ ಎಸ್‌ಪಿಕೆ 1 ಮತ್ತು 2ಕ್ಕೇ ಹೋಗಬೇಕು, ಒಂದನ್ನೂ ಗ್ರೌಂಡಿಗೆ ಕೊಡಬೇಡಿ. ಪ್ಲೇಯರಿನ ಕರೆಂಟ್ ಕಾಲುಗಳ ಹತ್ತಿರ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಹಾಕಿ. ದನಿ ಜೋರಾದಾಗ ಬೋರ್ಡು ತಾನಾಗಿ ರೀಸೆಟ್ ಆಗುವುದು ನಿಲ್ಲುತ್ತದೆ.

ಬೆಳಕಿಗೆ ನ್ಯಾನೊದ 5, 6, 9ನೇ ಕಾಲುಗಳು, ಯಾಕೆಂದರೆ ಅವುಗಳಿಂದ ಬೆಳಕನ್ನು ನಿಧಾನಕ್ಕೆ ಏರಿಸಬಹುದು. ಒಂದೊಂದು ಕಾಲಿನಿಂದ 220 ಓಮ್ ಮೂಲಕ ಮಾಸ್ಫೆಟ್ಟಿನ ಗೇಟಿಗೆ, ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್. ಎಲ್‌ಇಡಿ ಪಟ್ಟಿಯ ಮೈನಸ್ ತುದಿ ಡ್ರೈನಿಗೆ, ಸೋರ್ಸ್ ಗ್ರೌಂಡಿಗೆ. 12 ವೋಲ್ಟಿನ ಗ್ರೌಂಡೂ 5 ವೋಲ್ಟಿನ ಗ್ರೌಂಡೂ ಒಂದೇ ಆಗಿರಲಿ.

ಪ್ರೋಗ್ರಾಂ ದೊಡ್ಡದಲ್ಲ. ಡಿಎಫ್‌ಪ್ಲೇಯರಿನ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ) ಹಾಕಿದರೆ ನಲವತ್ತು ಐವತ್ತು ಸಾಲು. ಆದರೆ ಮೂರು ನಿಯಮ ಅದರಲ್ಲಿ ಇರಲೇಬೇಕು. ಒಂದು, ಬಟನ್ ಒತ್ತಿದ ಕ್ಷಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒತ್ತಿಕೊಂಡೇ ಇದ್ದರೆ, ಅಥವಾ ಯಾರೋ ಬಟನ್ ಸಂದಿಗೆ ಚೂಯಿಂಗ್ ಗಮ್ ತುರುಕಿದರೆ, ಅದು ದಿನವಿಡೀ ಕೂಗುತ್ತಿರಬಾರದು. ಎರಡು, ಮಾತು ನಡೆಯುವಾಗ ಅದೇ ಬಟನ್ ಮತ್ತೆ ಒತ್ತಿದರೆ ಏನೂ ಆಗಬಾರದು. ಬೇರೆ ಬಟನ್ ಒತ್ತಿದರೆ ಇದು ನಿಂತು ಅದು ಶುರುವಾಗಬೇಕು. ಈ ನಿಯಮ ಇಲ್ಲದಿದ್ದರೆ ಶಾಲಾ ಪ್ರವಾಸದ ದಿನ "ಕೆಳಗೆ ನೋ, ಕೆಳಗೆ ನೋ, ಕೆಳಗೆ ನೋ" ಅಂತಲೇ ಕೇಳುತ್ತಿರುತ್ತದೆ. ಮೂರು, 50 ಮಿಲಿಸೆಕೆಂಡಿಗಿಂತ ಚಿಕ್ಕ ಒತ್ತನ್ನು ಬಿಟ್ಟುಬಿಡಬೇಕು. ಇಲ್ಲವಾದರೆ ಪಕ್ಕದ ಫ್ಯಾನ್ ಸ್ವಿಚ್ ಹಾಕಿದಾಗಲೂ ವೀರಗಲ್ಲು ಮಾತಾಡೀತು. ಬಟನ್ ತಂತಿ ಎರಡು ಮೀಟರಿಗಿಂತ ಉದ್ದವಾದರೆ ಹುರಿ ಮಾಡಿದ ಜೋಡಿ ತಂತಿ ಹಾಕಿ.

ಓರೆ ಬೆಳಕು

ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡುವ ಭಾಗ ಇದು. ಸವೆದ ಕಲ್ಲಿನ ಮೇಲೆ ನೇರ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆ. ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಬಿಡಿ. ಕುದುರೆಯ ಕಾಲು, ಕತ್ತಿಯ ಹಿಡಿ, ಅಪ್ಸರೆಯ ಸೆರಗು ನೆರಳಿನಿಂದ ಎದ್ದು ಬರುತ್ತವೆ. ಶಾಸನ ಓದುವವರೂ ಬೆಳಕನ್ನು ಹೀಗೇ ಓರೆಯಾಗಿ ಹಿಡಿಯುತ್ತಾರೆ. ಸಂಜೆ ಐದು ಗಂಟೆಗೆ ಬಳ್ಳಿಗಾವಿಯ ಗುಡಿ ನೋಡಿದವರಿಗೆ ಇದು ಹೇಳಬೇಕಿಲ್ಲ.

ಕಲ್ಲಿನ ಪಕ್ಕ ಬೇರೆಯೇ ಒಂದು ಮರದ ಕಂಬ ನಿಲ್ಲಿಸಿ. ಅದರೊಳಗೆ ಮೂರು ಎತ್ತರದಲ್ಲಿ ಗೇಣುದ್ದದ ಎಲ್‌ಇಡಿ ತುಂಡು, ನಡುವೆ ರಟ್ಟಿನ ತಡಿಕೆ, ಒಂದರ ಬೆಳಕು ಇನ್ನೊಂದಕ್ಕೆ ಸೋರದ ಹಾಗೆ. ಕಲ್ಲಿಗೆ ಏನನ್ನೂ ಅಂಟಿಸಬೇಡಿ, ಮೊಳೆಯಂತೂ ಬೇಡವೇ ಬೇಡ. ಸಂರಕ್ಷಿತ ಜಾಗವಾದರೆ ಕಂಬ ನಿಲ್ಲಿಸುವುದಕ್ಕೂ ಮೊದಲು ಸಂಬಂಧಪಟ್ಟ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕು.

ಈಗ ಫೋನಿನಲ್ಲಿ ನಿಮ್ಮ ಫೈಲ್ ಹಾಕಿ, "ಈಗ ಸ್ವಲ್ಪ ಮೇಲೆ" ಅನ್ನುವುದು ಎಷ್ಟನೇ ಸೆಕೆಂಡಿಗೆ ಬರುತ್ತದೆ ಬರೆದುಕೊಳ್ಳಿ. ಬೆಳಕು ಮಾತಿಗಿಂತ ಅರ್ಧ ಸೆಕೆಂಡ್ ಮೊದಲು ಹತ್ತಬೇಕು. ಕಣ್ಣು ಅಲ್ಲಿಗೆ ಹೋಗಿ ಕೂತಿರುತ್ತದೆ, ಮಾತು ಬಂದು ಸೇರುತ್ತದೆ. ಮಾತಿನ ನಂತರ ಹತ್ತಿದರೆ ತಡವರಿಸಿದ ಹಾಗೆ ಅನಿಸುತ್ತದೆ. ಹಳೆಯ ಪಟ್ಟಿಯ ಬೆಳಕನ್ನು ಪೂರ್ತಿ ಆರಿಸದೆ ಕಾಲು ಭಾಗ ಉಳಿಸಿ. ಕೊನೆಗೆ ಮೂರೂ ಒಟ್ಟಿಗೆ ಹತ್ತಿ ಐದು ಸೆಕೆಂಡ್ ನಿಲ್ಲಲಿ.

ತಾಳೆಗರಿ, ಬಟ್ಟೆ, ಹಳೆ ಕಾಗದ ಇದ್ದಲ್ಲಿ ಈ ಪದ್ಧತಿಯಿಂದ ಇನ್ನೊಂದು ಲಾಭ ಇದೆ. ಅಂಥ ವಸ್ತುಗಳಿಗೆ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕು ಸಾಕು ಅನ್ನುವುದು ಮ್ಯೂಸಿಯಂನವರ ರೂಢಿ. ನೋಡುವವರಿದ್ದಾಗ ಮಾತ್ರ ಬೆಳಕು ಹತ್ತಿದರೆ ಗರಿಯೂ ಉಳಿಯುತ್ತದೆ.

ಚಿತ್ರ ಬೇಕಾದರೆ

ಒಂದೆರಡು ಫೋಟೊ ಆದರೆ ಸ್ಕ್ರೀನ್ ಬೇಡ. ಬ್ಯಾಕ್‌ಲಿಟ್ ಫಿಲ್ಮ್ ಮೇಲೆ ಪ್ರಿಂಟ್ ಹಾಕಿಸಿ, ಹಾಲುಬಿಳಿ ಅಕ್ರಿಲಿಕ್ ಹಿಂದೆ ಅದೇ ಎಲ್‌ಇಡಿ ಪಟ್ಟಿ. ಬಟನ್ ಒತ್ತುವವರೆಗೆ ಮಂಕಾಗಿದ್ದ ಹಲಗೆ ಒತ್ತಿದ ಕೂಡಲೇ ಚಿತ್ರವಾಗಿ ಬೆಳಗುತ್ತದೆ. ಕೆಡುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ.

ವಿಡಿಯೊ ಬೇಕೇ ಬೇಕು ಅಂತಾದರೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮತ್ತು ಒಂದು ಮಾನಿಟರ್. ಪೈನ ಕಾಲುಗಳಿಗೆ 3.3 ವೋಲ್ಟ್ ಮಾತ್ರ, 5 ಕೊಟ್ಟರೆ ಸುಟ್ಟುಹೋಗಬಹುದು. ಸಂಜೆ ವಾಚ್‌ಮನ್ ಮೇನ್ ಸ್ವಿಚ್ ಆರಿಸಿಯೇ ಹೋಗುತ್ತಾನೆ, ಕಂಪ್ಯೂಟರ್ ಶಟ್‌ಡೌನ್ ಮಾಡು ಅಂತ ಅವನಿಗೆ ಹೇಳಿ ಪ್ರಯೋಜನ ಇಲ್ಲ. ಹಾಗಾಗಿ ಪೈ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಕಾರ್ಡಿಗೆ ಏನೂ ಬರೆಯುವುದಿಲ್ಲ, ಕರೆಂಟ್ ದಿಢೀರ್ ಹೋದರೂ ಹಾಳಾಗುವುದು ಕಡಿಮೆ.

ಕನ್ನಡ ಅಕ್ಷರದ ವಿಷಯ ಒಂದು. ಸ್ಲೈಡನ್ನು ನಿಮ್ಮ ಕಂಪ್ಯೂಟರಿನಲ್ಲೇ ಮಾಡಿ, ಚಿತ್ರವಾಗಿ ಉಳಿಸಿ, ಚಿತ್ರವನ್ನೇ ಪೈಗೆ ಹಾಕಿ. ಅಲ್ಲಿ ಹೋಗಿ ಅಕ್ಷರ ಮೂಡಿಸಲು ಹೊರಟರೆ ಒತ್ತಕ್ಷರ ಒಡೆದು "ಶಿವಮೊಗ್ಗ" ಅನ್ನುವುದು "ಶಿವಮೊಗ್‌ಗ" ಆಗುವುದುಂಟು. ಪ್ರಿಂಟಿಂಗ್ ಪ್ರೆಸ್ಸಿನವರು ಕೊಡುವ ಬರಹ ಹಳೆಯ ನುಡಿ ಅಕ್ಷರದಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಹಾಲ್ ಚಿಕ್ಕದಾಗಿ ಎರಡು ಪೆಟ್ಟಿಗೆಯ ದನಿ ಬೆರೆಯುತ್ತಿದ್ದರೆ ಹಳೆಯ ಲ್ಯಾಂಡ್‌ಲೈನ್ ಫೋನ್ ಹುಡುಕಿ. ರಿಸೀವರ್ ಒಳಗಿನದನ್ನು ತೆಗೆದು 32 ಓಮ್‌ನ ಹೆಡ್‌ಫೋನ್ ಸ್ಪೀಕರ್ ಕೂರಿಸಿ. ರಿಸೀವರ್ ಇಡುವ ಕೊಕ್ಕೆಯೇ ಬಟನ್. ಎತ್ತಿದರೆ ಮಾತು. ಈಗಿನ ಮಕ್ಕಳಿಗೆ ಫೋನೇ ಮ್ಯೂಸಿಯಂ ವಸ್ತು, ಅದಕ್ಕೂ ಒಂದು ಸಾಲು ನಿಲ್ಲುತ್ತದೆ.

ಮಳೆಗಾಲಕ್ಕೆ ಮುಂಚೆ

ಬೇರೆ ಊರಿನವರು ಈ ಭಾಗ ಬಿಟ್ಟರೂ ಆದೀತು. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಪೆಟ್ಟಿಗೆಗೆ ಬರದೇ ಇರುತ್ತದಾ? ಬ್ರೆಡ್‌ಬೋರ್ಡ್ ಬೇಡ, ಸಾಕೆಟ್ ಮೇಲೆ ಕೂರುವ ನ್ಯಾನೊ, ಪ್ಲೇಯರ್ ಬಿಟ್ಟು ಉಳಿದ ಎಲ್ಲವನ್ನೂ ಬೆಸುಗೆ ಹಾಕಿ. ಹೊರಗೆ ಹೋಗುವ ತಂತಿಗೆ ಸ್ಕ್ರೂ ಟರ್ಮಿನಲ್. ಬೆಸುಗೆ ಆದ ಮೇಲೆ ಬೋರ್ಡಿನ ಅಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಮೆಮರಿ ಕಾರ್ಡಿನ ಜಾಗ, ಸ್ಕ್ರೂ ಜಾಗ ಬಿಟ್ಟು. ಪೆಟ್ಟಿಗೆಯ ತೂತುಗಳಿಗೆ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ, ಸ್ಪೀಕರಿನ ಮುಂದೆಯೂ. ತಂತಿ ಒಳಗೆ ಬರುವಲ್ಲಿ ಕೇಬಲ್ ಗ್ಲ್ಯಾಂಡ್. ಪೆಟ್ಟಿಗೆ ಗೋಡೆಗೆ ತಾಗಿರಬಾರದು, ಒಂದು ಇಂಚು ಬಿಟ್ಟು ಕೂರಿಸಿ. ಒಳಗೆ ಸಿಲಿಕಾ ಜೆಲ್ ಚೀಲ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಇಡಬಹುದು.

ಏಪ್ರಿಲ್, ಮೇ ತಿಂಗಳ ಸಿಡಿಲು ಇದಕ್ಕಿಂತ ಕೆಟ್ಟದ್ದು. ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತು ಹೊರಗಿಡುವುದೇ ಸರಿ. ಸ್ವಿಚ್ ಆರಿಸಿದರಷ್ಟೇ ಸಾಲದು.

ಬಟನ್ ನೆಲದಿಂದ 80-90 ಸೆಂಟಿಮೀಟರ್ ಎತ್ತರದಲ್ಲಿರಲಿ. ಚಿಕ್ಕ ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಕೈಗೆಟುಕುತ್ತದೆ. ಪಕ್ಕದಲ್ಲಿ ಬ್ರೈಲ್‌ನಲ್ಲಿ ವಸ್ತುವಿನ ಹೆಸರು, ಮತ್ತು ಕಿವಿ ಕೇಳದವರಿಗಾಗಿ ಅದೇ ಮಾತುಗಳ ಅಚ್ಚು ಹಾಳೆ. ಇದಕ್ಕೆ ದೊಡ್ಡ ದುಡ್ಡೂ ಬೇಡ, ಬೆಸುಗೆಯೂ ಬೇಡ, ಆದರೂ ಎಲ್ಲರೂ ಬಿಡುತ್ತಾರೆ.

ಉದ್ಘಾಟನೆಗೆ ಒಂದು ವಾರ ಮೊದಲು ಐದನೇ ಕ್ಲಾಸಿನ ಹತ್ತು ಮಕ್ಕಳನ್ನು ಒಳಗೆ ಬಿಟ್ಟು ನೀವು ಮೂಲೆಯಲ್ಲಿ ನಿಲ್ಲಿ. ಏನೂ ಹೇಳಿಕೊಡಬೇಡಿ. ಅವರು ಎಲ್ಲಿ ಕೈಬಿಟ್ಟು ಓಡಿದರು ಅಂತ ಬರೆದುಕೊಳ್ಳಿ, ಆ ಸೆಕೆಂಡಿನಿಂದ ಮುಂದಿನ ಮಾತು ಉದ್ದವಾಗಿದೆ ಅಂತ ಅರ್ಥ. ನನ್ನ ಮೊದಲ ವೀರಗಲ್ಲು ಎರಡು ನಿಮಿಷ ಇತ್ತು. ಮಕ್ಕಳು ಐವತ್ತನೇ ಸೆಕೆಂಡಿಗೆ ಹೋದರು.

ಎರಡೆರಡು ತನ್ನಿ ಅಂದಿದ್ದೆನಲ್ಲ, ಅದು ಇದಕ್ಕೆ. ಪ್ರೋಗ್ರಾಂ ಹಾಕಿದ ಇನ್ನೊಂದು ನ್ಯಾನೊ, ಇನ್ನೊಂದು ಪ್ಲೇಯರ್, ಫೈಲು ತುಂಬಿದ ಇನ್ನೊಂದು ಕಾರ್ಡ್, ಎರಡು ಮೈಕ್ರೊ ಸ್ವಿಚ್, ಒಂದು ಸ್ಕ್ರೂಡ್ರೈವರ್ ಜಿಪ್ ಕವರಿಗೆ ಹಾಕಿ ಪೆಟ್ಟಿಗೆಯ ಒಳಗೇ ಇಡಿ. ಎರಡೂ ಬೋರ್ಡುಗಳು ಸಾಕೆಟ್ ಮೇಲೆ ಕೂತಿರಲಿ, ಬೆಸುಗೆ ಸಾಕೆಟ್ಟಿಗೆ ಮಾತ್ರ. ಬದಲಿಸುವ ಬೋರ್ಡಿನ ಒಂದು ತುದಿಗೆ ಕೆಂಪು ಚುಕ್ಕೆ ಹಚ್ಚಿ. ಮುಚ್ಚಳದ ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಂಟಿಸಿ. ದಪ್ಪ ಅಕ್ಷರದಲ್ಲಿ: ದನಿ ಇಲ್ಲವಾ, ಸ್ವಿಚ್ ಆರಿಸಿ ಹತ್ತು ಎಣಿಸಿ ಹಾಕಿ. ಆದರೂ ಇಲ್ಲವಾ, ಕಾರ್ಡ್ ಬದಲಿಸಿ. ಆದರೂ ಇಲ್ಲವಾ, ಕೆಂಪು ಚುಕ್ಕೆಯ ಬೋರ್ಡ್ ಬದಲಿಸಿ, ಚುಕ್ಕೆ ಬಾಗಿಲ ಕಡೆ ಬರಲಿ. ಇದನ್ನು ವಾಚ್‌ಮನ್ ಕೈಯಲ್ಲೇ ಒಂದು ಸಲ ಮಾಡಿಸಿ ನೋಡಿ. ಅವನು ಮಾಡುವಾಗ ನಿಮ್ಮ ಕೈ ಜೇಬಿನಲ್ಲಿರಲಿ.